ಅರಸನ ಎಡಗಾಲು

ಅರಸನ ಎಡ ಅಂಗಾಲಲ್ಲಿ ಹುಣ್ಣಾಗಿರುವುದು ಬಿಳಿಗೋಡೆಯ ಅರಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅರಸ, ಇನ್ನೊಬ್ಬಳು ಇಪೆತ್. ಅರಸನ ಪಾದ ತೊಳೆದು, ಎಣ್ಣೆ ತೀಡಿ, ಅವನ ಕೆರ ಹಿಡಿದು ಹಿಂದೆ ಹಿಂದೆ ನಡೆಯುವುದೇ ಇಪ್ಪತ್ತು ವರ್ಷದಿಂದ ಅವಳ ಕೆಲಸ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದಿದ್ದ ಅರಸ. "ಹಬ್ಬ ಒಂದು ಮುಗೀಲಿ."

ಹಬ್ಬಕ್ಕೆ ಮೂರೇ ದಿನ. ಪಟ್ಟವೇರಿ ಮೂವತ್ತು ವರ್ಷ ತುಂಬಿದ ಅರಸ, ನಾಡನ್ನಾಳುವ ಕಸುವು ತನ್ನಲ್ಲಿ ಇನ್ನೂ ಇದೆಯೆಂದು ಎಲ್ಲರೆದುರು ಓಡಿ ತೋರಿಸಬೇಕಿತ್ತು. ಕಲ್ಲಿನ ಗುರುತುಗಳ ನಡುವೆ ನಾಲ್ಕು ಸುತ್ತು. ಉತ್ತರದ ನಾಡಗೌಡರು ಆಗಲೇ ದೋಣಿಗಳಿಂದ ಇಳಿದು ಬೀಡುಬಿಟ್ಟಿದ್ದರು. ಅವರಲ್ಲಿ ಅರ್ಧ ಜನ ಅವನು ಮುಗ್ಗರಿಸುವುದನ್ನು ನೋಡಲೆಂದೇ ಬಂದವರು.

ಇಪೆತ್‌ಳಿಗೆ ಊಟ ಸೇರದಿರಲು ಇನ್ನೂ ಹತ್ತಿರದ ಕಾರಣವಿತ್ತು. ಪಡುವಣ ಮರಳುಗಾಡಿನಲ್ಲಿ ಅರಸನ ಗೋರಿ ಸಿದ್ಧವಾಗಿತ್ತು. ಅದರ ಸುತ್ತ ಅರವತ್ತು ಸಣ್ಣ ಗುಂಡಿಗಳು. ಅರಸ ತೀರಿಕೊಂಡು ಪಡುವಣಕ್ಕೆ ಹೋದ ದಿನ ಅವನ ಅಡುಗೆಯವನು, ಕ್ಷೌರದವನು, ನಾಯಿ ನೋಡಿಕೊಳ್ಳುವವನು, ಎಲ್ಲರೂ ಜೊತೆಗೆ ಹೋಗಬೇಕು. ಒಂದು ಗುಂಡಿಯ ಕಲ್ಲಿನ ಮೇಲೆ ಇಪೆತ್‌ಳ ಹೆಸರು ಕೊರೆದಾಗಿತ್ತು. ಕೇರಿಯವರು "ಪುಣ್ಯವಂತೆ" ಎಂದು ಹೊಗಳಿದ್ದರು. ಅವಳ ಗಂಡ, ಹೆಂತಿ ಎಂಬ ಹೆಸರಿನ ಕುಂಬಾರ ಮಾತ್ರ, "ಅಷ್ಟು ಪುಣ್ಯ ಬೇಕಾದ್ರೆ ಅವ್ರೇ ಹೋಗಿ ಮಲಗ್ಲಿ," ಎಂದು ಉಗಿದಿದ್ದ.

ಅಂದು ಅರಮನೆಯ ಮೇಲ್ವಿಚಾರಕ ಸೆಖು ಅಂಗಳದಲ್ಲಿ ಅವಳನ್ನು ಅಡ್ಡಗಟ್ಟಿದ.

"ಏನವ್ವಾ ಇಪೆತ್, ದೊರೆ ಓಡೋ ಅಭ್ಯಾಸಕ್ಕೇ ಬರ್ತಿಲ್ಲ. ಕಾಲು ಗಟ್ಟಿ ಇದೆ ತಾನೆ?"

"ಕಂಬ ಇದ್ದಂಗಿದೆ ಸ್ವಾಮಿ."

"ಕಂಬಕ್ಕೂ ಗೆದ್ದಲು ಹತ್ತುತ್ತೆ ಕಣೆ," ಎಂದು ಸೆಖು ನಕ್ಕ. ನಗು ಕಣ್ಣಿಗೆ ತಲುಪಲಿಲ್ಲ.

ಮನೆಯಲ್ಲಿ ಹೆಂತಿ ತಿಗರಿ ನಿಲ್ಲಿಸಿ ಹೇಳಿದ, "ಉತ್ತರದ ಜೌಗಿನಲ್ಲಿ ನಮ್ಮಣ್ಣ ಮೀನು ಹಿಡೀತಾ ಇದಾನೆ. ಆಪುಹುಲ್ಲಿನ ಕಾಡೊಳಗೆ ಹೊಕ್ಕುಬಿಟ್ರೆ ಯಾವ ದೊರೆಗೂ ಸಿಕ್ಕಲ್ಲ. ಹೊರಡು."

"ಕೀವು ತುಂಬಿದ ಕಾಲು ಬಿಟ್ಟು ಹೆಂಗೆ ಬರ್ಲಿ?"

"ಅವನ ಕಾಲು ನೋಡ್ತೀಯಲ್ಲ, ನಿನ್ನ ಕುತ್ತಿಗೆ ನೋಡ್ಕೊ."

ಆ ಕಾಲು ಕೊಳೆತರೆ ತನ್ನ ಕುತ್ತಿಗೆಯೂ ಉಳಿಯುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದರೆ ಭಯ ಅದೊಂದೇ ಅಲ್ಲ. ಇಪ್ಪತ್ತು ವರ್ಷ ಅಂಗೈಯಲ್ಲಿಟ್ಟುಕೊಂಡ ಪಾದ. ಅದರ ನೋವು ತನಗೇ ಚುಚ್ಚುತ್ತಿತ್ತು.

ಹಬ್ಬದ ಬೆಳಗ್ಗೆ ಅವಳು ಚಕಮಕಿ ಕಲ್ಲಿನ ಅಲಗು ತೆಗೆದುಕೊಂಡು ಹೋದಳು.

"ದೊರೆ, ಕೊಯ್ಯದಿದ್ರೆ ಎರಡನೇ ಸುತ್ತಿಗೇ ಬೀಳ್ತೀರ."

ಅರಸ ಅವಳನ್ನೇ ದಿಟ್ಟಿಸಿದ. "ಹಿಂದೆ ಯಾವತ್ತಾದ್ರೂ ಕೊಯ್ದಿದೀಯಾ?"

"ಇಲ್ಲ. ಆದ್ರೂ ಕೊಯ್ತೀನಿ."

ಅವನು ಬಟ್ಟೆ ಕಚ್ಚಿಕೊಂಡ. ಕೀವಿನ ಜೊತೆ ಜಾಲಿಮುಳ್ಳಿನ ತುದಿಯೊಂದು ಹೊರಬಂತು. ಅವಳು ಜೇನು ತುಂಬಿ, ಕಾವಿಮಣ್ಣಿನಲ್ಲಿ ಅದ್ದಿದ ನಾರುಬಟ್ಟೆಯನ್ನು ಚರ್ಮದ ಬಣ್ಣಕ್ಕೆ ಹೊಂದುವಂತೆ ಬಿಗಿದಳು.

ಹಬ್ಬದ ಬಯಲಿನಲ್ಲಿ ಜನ ನೆರೆದಿದ್ದರು. ಸೊಂಟಕ್ಕೆ ಹೋರಿಬಾಲ ಕಟ್ಟಿ, ತಲೆಗೆ ಎತ್ತರದ ಬಿಳಿ ಕಿರೀಟವಿಟ್ಟು ಅರಸ ಓಡಿದ. ಒಂದು ಸುತ್ತು. ಎರಡು. ಇಪೆತ್ ಕೆರ ಎದೆಗವಚಿಕೊಂಡು ಗುರುತುಗಲ್ಲಿನ ಪಕ್ಕ ನಿಂತಿದ್ದಳು. ಮೂರನೆಯ ಸುತ್ತಿನಲ್ಲಿ ಅವನು ಅವಳ ಮುಂದೆ ಹಾದುಹೋದಾಗ ಮರಳಿನ ಮೇಲೆ ಕೆಂಪು ಹೆಜ್ಜೆಯೊಂದು ಉಳಿಯಿತು. ಮುಂದೆ ಇನ್ನೊಂದು.

ನಾಡಗೌಡರು ಕುಳಿತ ಚಪ್ಪರ ಹತ್ತು ಮಾರು ದೂರದಲ್ಲಿತ್ತು. ಇಪೆತ್ ಯೋಚಿಸುತ್ತ ನಿಲ್ಲಲಿಲ್ಲ. ದೊರೆಯ ಹಿಂದೆ ನಡೆಯುವುದು ತನ್ನ ಕೆಲಸವೇ ಅಲ್ಲವೇ ಎಂಬಂತೆ ತಲೆ ತಗ್ಗಿಸಿ ಅವನ ಹಿಂದೆಯೇ ಓಡತೊಡಗಿದಳು, ಪ್ರತಿ ಕೆಂಪು ಹೆಜ್ಜೆಯ ಮೇಲೂ ಪಾದ ಎಳೆಯುತ್ತ, ಮರಳು ಮುಚ್ಚುತ್ತ. ಯಾರೋ ನಕ್ಕರು. "ಮುದುಕೀನೂ ಪಟ್ಟಕ್ಕೆ ನಿಂತವಳೇನ್ರೋ!" ಸೆಖು ಮಾತ್ರ ನಗಲಿಲ್ಲ. ಅವನ ಕಣ್ಣು ಅವಳ ಪಾದದ ಮೇಲೆಯೇ ನೆಟ್ಟಿತ್ತು.

ನಾಲ್ಕನೆಯ ಸುತ್ತೂ ಮುಗಿಯಿತು. ಅರಸ ಬೀಳಲಿಲ್ಲ. ನಾಡಗೌಡರು ಒಬ್ಬೊಬ್ಬರಾಗಿ ನೆಲಕ್ಕೆ ಹಣೆ ಹಚ್ಚಿದರು.

ಸಂಜೆ ಗಾಯ ತೊಳೆಯುವಾಗ ಅರಸ ಕೇಳಿದ, "ಏನು ಬೇಕು, ಕೇಳು."

"ಪಡುವಣದ ಕಲ್ಲಿಂದ ನನ್ನ ಹೆಸರು ಅಳಿಸಿಬಿಡಿ ದೊರೆ."

ಅರಸನಿಗೆ ಸಿಟ್ಟು ಬರಲಿಲ್ಲ. ನಿಜಕ್ಕೂ ಅರ್ಥವಾಗಲಿಲ್ಲ. "ಹುಚ್ಚೀ, ನೀನಿಲ್ದೆ ಅಲ್ಲಿ ನನ್ನ ಕಾಲು ನೋಡೋರು ಯಾರು?" ಎಂದು ಅಕ್ಕರೆಯಿಂದಲೇ ಅವಳ ತಲೆ ಮುಟ್ಟಿದ. "ದೂರ ಆಯ್ತು ಅಂತ ತಾನೆ? ನಾಳೆನೇ ಸೆಖುಗೆ ಹೇಳ್ತೀನಿ. ನಿನ್ನ ಗುಂಡಿ ನನ್ನ ಗೋಡೆಗೇ ಅಂಟಿಕೊಂಡಿರ್ಲಿ."

ಅವಳು ನೆಲಕ್ಕೆ ಬಗ್ಗಿ ನಮಿಸಿದಳು. ಮನೆಗೆ ಬಂದು ಹೆಂತಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಹಸಿಮಡಕೆಯನ್ನು ಹಿಸುಕಿ ಮುದ್ದೆ ಮಾಡಿದ.

ಆದರೂ ಅವಳು ಒಂದು ತಿಂಗಳು ಅರಮನೆಗೆ ಹೋಗಿ ಬಂದಳು. ಪ್ರತಿ ಬೆಳಗ್ಗೆ ಅರಸನ ಮುಖಕ್ಕಿಂತ ಮೊದಲು ಅಂಗಾಲು ನೋಡಿದಳು. ಜ್ವರ ಬಂದ ದಿನ ಎದೆ ಹಾರಿತು, ಇಳಿದ ದಿನ ಉಸಿರು ಬಂತು. ಸೆಖು ಕಂಬಗಳ ಮರೆಯಿಂದ ನೋಡುತ್ತಲೇ ಇದ್ದ. ಗಾಯದ ಹಕ್ಕಳೆ ಉದುರಿ ಎಳೆ ಚರ್ಮ ಕಂಡ ದಿನ ಅವಳು ಪಾದಕ್ಕೆ ಎಣ್ಣೆ ತೀಡಿ, ಬೋಗುಣಿ ತೊಳೆದು ಕವುಚಿಟ್ಟು, ಬುಟ್ಟಿ ಹೊತ್ತು ಸಂತೆಗೆ ಹೋಗುವವಳಂತೆ ಬಾಗಿಲು ದಾಟಿದಳು. ಹೆಂತಿ ಮಡಕೆಗಳ ದೋಣಿಯಲ್ಲಿ ಕಾಯುತ್ತಿದ್ದ.

ಎರಡು ವರ್ಷದ ನೆರೆ ಕಳೆದ ಮೇಲೆ, ಉಪ್ಪುಮೀನು ಕೊಳ್ಳಲು ಬಂದ ದೋಣಿಯವನೊಬ್ಬ ಜೌಗಿಗೆ ಸುದ್ದಿ ತಂದ. ಅರಸ ಎದೆನೋವಿನಿಂದ ತೀರಿಕೊಂಡನಂತೆ.

"ಜೊತೆಗೆ ಹೋದೋರು?" ಎಂದಳು ಇಪೆತ್.

"ಅರವತ್ತು ಗುಂಡೀನೂ ತುಂಬಿದ್ವಂತೆ ಅಕ್ಕಾ. ಒಂದೂ ಖಾಲಿ ಇರ್ಲಿಲ್ವಂತೆ."

"ಈಚೆಗೆ ಪಾದ ತೊಳೀತಿದ್ದೋಳ ಹೆಸರೇನಂತೆ?"

"ಅದ್ಯಾರು ಕೇಳ್ತಾರೆ," ಎಂದು ಅವನು ಮೀನಿನ ಹೆಡಿಗೆ ಎತ್ತಿ ಹೊರಟುಹೋದ.

ಅವಳು ಸೀಳುತ್ತಿದ್ದ ಮೀನನ್ನು ಹಾಗೆಯೇ ಕೆಳಗಿಟ್ಟಳು. ಹೆಂತಿ ಬಂದು ಪಕ್ಕ ಕುಳಿತ. ಹೊತ್ತು ಏರಿತು, ನೊಣ ಮುತ್ತಿದವು. ಇಬ್ಬರೂ ಏಳಲಿಲ್ಲ.