ನಡುವಿನ ಸಾಲು

ತಿಥಿಯ ಶಾಮಿಯಾನ ಬಿಚ್ಚಿಕೊಂಡು ಹೋದ ಮಾರನೆಯ ಬೆಳಿಗ್ಗೆ ಅಂಗಳದ ತುಂಬ ಗೂಟ ಕಿತ್ತ ಗುಳಿಗಳಿದ್ದವು. ನೆಂಟರೆಲ್ಲ ಹೊರಟುಹೋಗಿದ್ದರು. ಶೋಭಿತಾ ಕಾಲಿನಿಂದ ಮಣ್ಣೆಳೆದು ಒಂದೊಂದೇ ಗುಳಿ ಮುಚ್ಚುತ್ತಿದ್ದಳು. ಹಾಲಿನ ಡೈರಿಗೆ ಹೋಗುವವರು ರಸ್ತೆಯಲ್ಲಿ ಎಂದಿನಂತೆ ಕ್ಯಾನು ಬಡಿದುಕೊಂಡು ಹೋದರು.

ಅತ್ತೆ ಪಾರ್ವತಮ್ಮ ಹಿತ್ತಿಲ ಕಡೆಯಿಂದ ಬಂದು ಸೆರಗು ಬಾಯಿಗಿಟ್ಟುಕೊಂಡು ನಿಂತಳು.

"ಶೋಭಿ, ಅವನು ಷೆಡ್ಡಲ್ಲೇ ಅವ್ನೆ ಕಣವ್ವ. ಉಸ್ರು ಬುಡ್ತಾವ್ನೆ. ಬೇಕಾರೆ ಬಂದು ಕೇಳು."

ಷೆಡ್ಡೆಂದರೆ ಸಸಿ ಬೆಳೆಸುವ ಪಾಲಿಹೌಸಿನ ಪಕ್ಕದ ತಗಡಿನ ಕೊಠಡಿ. ಅದರೊಳಗೆ ಅವಳ ಗಂಡ ಮನೋಹರ ತಂದು ನಿಲ್ಲಿಸಿದ ಬಿತ್ತನೆ ಯಂತ್ರವಿತ್ತು. ಹೊಸಕೋಟೆಯ ಕಡೆ ಮುಚ್ಚಿಹೋದ ಯಾವುದೋ ನರ್ಸರಿಯ ಹಳೆಯ ಯಂತ್ರ. ಹರದನಹಳ್ಳಿಗೆ ಅಂಥದ್ದು ಬಂದದ್ದು ಅದೇ ಮೊದಲು. ಅದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ, ಮೆಣಸಿನ ಬೀಜ ಬಿತ್ತಿ ತೋರಿಸಿದ್ದ. ಆಮೇಲಿನ ವಾರ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಹಾಸನದ ಕಡೆ ಆ ವರ್ಷ ಹಾಗೆ ಹೋದ ಹುಡುಗರಲ್ಲಿ ಅವನೂ ಒಬ್ಬನಾದ. ಟೀವಿಯವನೊಬ್ಬ ಮೈಕು ಹಿಡಿದು ಬಂದು, "ಮೊದಲೇ ಏನಾದರೂ ಲಕ್ಷಣ ಇತ್ತಾ ಮೇಡಂ?" ಎಂದು ಕೇಳಿದ್ದ. "ಇರಲಿಲ್ಲ" ಎಂದಿದ್ದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲವೆಂಬುದನ್ನು ಕೇರಿಯ ಹೆಂಗಸರು ನೋಡಿಕೊಂಡಿದ್ದರು.

ಷೆಡ್ಡಿನ ಬಾಗಿಲು ತೆಗೆದಳು. ಯಂತ್ರದ ಗಾಳಿಯ ಟ್ಯಾಂಕು ಗುರುಗುಟ್ಟಿ, ನಿಂತು, ಕೊನೆಗೆ ಉಸ್ಸೆಂದಿತು.

"ಕೇಳುಸ್ತಾ?" ಎಂದಳು ಪಾರ್ವತಮ್ಮ.

ಮೈಸೂರಿನಲ್ಲಿ ಎಂ.ಎಸ್ಸಿ. ಓದಿ, ಹೊಳೆನರಸೀಪುರದ ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಭೌತಶಾಸ್ತ್ರ ಹೇಳಿಕೊಟ್ಟವಳು ಅವಳು. ಎಲ್ಲೋ ಗಾಳಿ ಸೋರುತ್ತಿದೆ, ಒತ್ತಡ ಇಳಿದಾಗ ಮೋಟರು ತಾನಾಗಿ ಶುರುವಾಗುತ್ತದೆ, ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ ಎಂದು ಅತ್ತೆಗೆ ಬಿಡಿಸಿ ಹೇಳಿದಳು. ಪಾರ್ವತಮ್ಮ ತಲೆಯಾಡಿಸಿದಳೇ ಹೊರತು ಒಪ್ಪಲಿಲ್ಲ. ಶೋಭಿತಾ ಪ್ಲಗ್ಗು ಕೀಳಲು ಕೈ ಚಾಚಿದವಳು ಹಾಗೇ ಬಿಟ್ಟು ಬಂದಳು.

ಬಿಸಿಲೇರುವ ಹೊತ್ತಿಗೆ ದೊಡ್ಡಗದ್ದವಳ್ಳಿಯ ಗೌಡರ ಮನೆಯ ಅನಿಲ್‌ಕುಮಾರ್ ಬೈಕಿನಲ್ಲಿ ಬಂದ. ಮೆಣಸಿನ ಸಸಿಗೆಂದು ಬೀಜ ಕೊಟ್ಟಿದ್ದವನು. ಅವನನ್ನು ನೋಡಿ ಮಾವ ಮಂಚಯ್ಯ ಜಗಲಿಯಿಂದ ಎದ್ದು ನಿಂತ.

"ಕೂತ್ಕಳಯ್ಯ ಮಂಚಯ್ಯ" ಎಂದು ಅನಿಲ್‌ಕುಮಾರ್ ತಾನು ಕೂರದೆ ಬೈಕಿಗೊರಗಿದ. "ಹೆಂಗ್ ಹೇಳದೋ ಗೊತ್ತಾಗಕಿಲ್ಲ. ಮನೋಹರನ ಕೈಗುಣ ನೋಡಿ ಅಷ್ಟು ದೂರದಿಂದ ಬೀಜ ತಂದು ಕೊಟ್ಟಿದ್ದೆ. ಈಗ ನಮ್ಮವ್ವ ವಾಪಸ್ ತಗಂಡು ಬಾ ಅಂತವ್ಳೆ."

"ಯಾಕಂತೆ?" ಎಂದಳು ಶೋಭಿತಾ.

ಅವನು ಪಾಲಿಹೌಸಿನ ಪರದೆ ನೋಡಿದ. "ನಾನಲ್ಲ ಕಣವ್ವ ಹೇಳದು. ಹಳೇ ಕಾಲದೋಳು. ಗಂಡ ಹೋದ ಕೈ ಬೀಜ ಮುಟ್ಟಿದ್ರೆ ಮೊಳ್ಯಾಕಿಲ್ಲ ಅಂತಾಳೆ."

"ಬಿತ್ತೋದು ಮಿಷನ್ನು ಅನಿಲಣ್ಣ. ಅದಕ್ಕೆ ಯಾವ ಗಂಡ ಸತ್ತಿದ್ದಾನೆ?"

ಮಂಚಯ್ಯ ಕೆಮ್ಮಿದ. ಅನಿಲ್‌ಕುಮಾರನಿಗೆ ನಗು ಬಂದುಬಿಟ್ಟಿತು. ಸಾವಿನ ಮನೆಯಲ್ಲಿ ನಕ್ಕದ್ದಕ್ಕೆ ನಾಚಿ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಓದಿದೋಳು, ಮಾತಲ್ಲಿ ಗೆಲ್ಲಕಾಯ್ತದಾ? ಆಯ್ತು, ಮಿಷನ್ನೇ ಬಿತ್ತದಾದ್ರೆ ಅವ್ವಂಗೆ ಅಂಗೇ ಹೇಳ್ತೀನಿ. ನೀನು ಮಾತ್ರ ಬೀಜ ಮುಟ್ಬ್ಯಾಡ. ಶುಕ್ರವಾರ ಬತ್ತೀನಿ. ಬಿತ್ತಿದ್ರೆ ಸರಿ. ಇಲ್ದೇ ಇದ್ರೆ ಚನ್ನರಾಯಪಟ್ಟಣದ ನರ್ಸರಿಗೆ ಕೊಡ್ತೀನಿ. ಬೇಜಾರ್ ಮಾಡ್ಕಬ್ಯಾಡ, ಬೀಜ ಕೊಟ್ಟಿರೋ ಮಿಕ್ಕೋರೂ ನನ್ನೇ ನೋಡ್ತಾವ್ರೆ."

ಅವನು ಬೈಕು ಹತ್ತಿ ಹೋದ. ಅನಿಲ್‌ಕುಮಾರ್ ಬೀಜ ಎತ್ತಿಕೊಂಡರೆ ಉಳಿದವರೂ ಎತ್ತಿಕೊಳ್ಳುತ್ತಾರೆ. ನರ್ಸರಿ ಅಲ್ಲಿಗೆ ಮುಗಿಯುತ್ತದೆ. ಯಂತ್ರ ಗುಜರಿಗೆ ಹೋಗುತ್ತದೆ, ಅವಳು ತವರಿಗೆ. ಮಣ್ಣು ಮಾಡಿದ ದಿನದಿಂದ ಶೋಭಿತಾಳಿಗೆ ಏನೂ ಬೇಕೆನಿಸಿರಲಿಲ್ಲ. ಈಗ ಒಂದು ಬೇಕೆನಿಸಿತು. ಆ ಬೀಜ ಈ ಮನೆಯಿಂದ ಆಚೆ ಹೋಗಕೂಡದು.

ಯಂತ್ರದ ಕೆಲಸ ಅವಳಿಗೆ ಗೊತ್ತಿಲ್ಲದ್ದಲ್ಲ. ಮನೋಹರ ಜೋಡಿಸುವಾಗ ಟಾರ್ಚು ಹಿಡಿದವಳು ಅವಳೇ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇ ಬೆಲ್ಟಿನ ಮೇಲೆ ಸಾಗಿ ಬರುತ್ತದೆ. ಒಂದು ಅಚ್ಚು ಇಳಿದು ಟ್ರೇಯ ಪ್ರತಿ ಕುಣಿಯಲ್ಲೂ ಸಣ್ಣ ಗುಳಿ ಒತ್ತುತ್ತದೆ. ಅಷ್ಟರಲ್ಲಿ ಪಕ್ಕದ ಬೀಜದ ತಟ್ಟೆ ನಡುಗತೊಡಗುತ್ತದೆ. ಒಂದು ಪಟ್ಟಿಗೆ ಹೊಂದಿಸಿದ ಏಳು ಟೊಳ್ಳು ಸೂಜಿಗಳು ತಟ್ಟೆಗೆ ಬಾಗಿ, ಉಸಿರೆಳೆದು, ತುದಿಗೊಂದೊಂದು ಬೀಜ ಕಚ್ಚಿಕೊಂಡು ಮೇಲೇಳುತ್ತವೆ. ಗುಳಿಯ ನೇರಕ್ಕೆ ಬಂದಾಗ ಉಸಿರು ಬಿಡುತ್ತವೆ. ಬೀಜ ಬೀಳುತ್ತದೆ. ಮುಂದೆ ಮೇಲೊಂದಿಷ್ಟು ಪುಡಿ, ನೀರು. ಗುಳಿ ತೋಡಿ, ಇಟ್ಟು, ಮುಚ್ಚುವುದು. ಅವಳು ಅದರಿಂದಾಚೆ ಯೋಚಿಸಲು ಹೋಗಲಿಲ್ಲ.

ಹೊದಿಕೆ ತೆಗೆದರೆ ಸೂಜಿಗಳೆಲ್ಲ ಹಳದಿ. ಮೂಗಿಗೆ ಅರಿಶಿನದ ವಾಸನೆ ಬಡಿಯಿತು.

"ಅತ್ತೆ, ಇದಕ್ಕೇನು ಮಾಡಿದ್ರಿ?"

"ಸೂತಕ ಕಳೀಬೇಕಲ್ಲವ್ವ. ಮನೆಗೆಲ್ಲ ಅರಿಶಿನದ ನೀರು ಚಿಮುಕಿಸ್ದೆ. ಅವನು ಕಡೇಲಿ ಮುಟ್ಟಿದ್ದು ಇದೇ ತಾನೆ, ಇದುಕ್ಕೆ ಒಂದು ಚೊಂಬು ಉಯ್ದೆ." ಪಾರ್ವತಮ್ಮನ ದನಿ ಇಳಿಯಿತು. "ಇಲ್ಲೇ ಕುಂತ್ಕಬ್ಯಾಡ, ಓಗು ಮಗ ಅಂದೆ. ಓಗ್ನಿಲ್ಲ."

ಶೋಭಿತಾ ಬೈಯಲಿಲ್ಲ. ಏಳು ಸೂಜಿಗಳನ್ನೂ ಬಿಚ್ಚಿ ಬಿಸಿನೀರಿಗೆ ಹಾಕಿ, ಸ್ಟೌವಿನ ಪಿನ್ನಿನಿಂದ ತೂತು ಬಿಡಿಸಿದಳು. ಅವುಗಳ ಗಂಟಲಲ್ಲಿ ಕಟ್ಟಿದ ಅರಿಶಿನ ಎಳೆಯೆಳೆಯಾಗಿ ಬಂತು. ಗೌಡರ ಬೀಜದಲ್ಲಿ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಅಡುಗೆಮನೆಯ ಡಬ್ಬಿಯಿಂದ ಒಣಮೆಣಸಿನಕಾಯಿ ತಂದು, ಕೊಡವಿ, ಬಂದ ಬೀಜವನ್ನು ತಟ್ಟೆಗೆ ಸುರಿದು ಗುಂಡಿ ಒತ್ತಿದಳು. ಘಾಟಿಗೆ ಸೀನು ಬಂತು. ಯಂತ್ರ ಬಾಗಿತು, ಎದ್ದಿತು, ಬಾಗಿತು.

ಟ್ರೇ ಈಚೆ ಬಂದಾಗ ಬಗ್ಗಿ ನೋಡಿದಳು. ಅತ್ತ ಮೂರು ಸಾಲು ಬೀಜ, ಇತ್ತ ಮೂರು ಸಾಲು ಬೀಜ. ನಡುವಿನ ಸಾಲು ಮೊದಲಿನಿಂದ ಕೊನೆಯವರೆಗೂ ಖಾಲಿ.

ನಾಲ್ಕನೆಯ ಸೂಜಿಯನ್ನು ಮತ್ತೆ ತೊಳೆದಳು. ಮತ್ತೊಂದು ಟ್ರೇ ಬಿಟ್ಟಳು. ನಡುವೆ ಖಾಲಿ. ಗಾಳಿ ಹೆಚ್ಚಿಸಿದಳು, ಇಳಿಸಿದಳು. ಎಲ್ಲ ಟ್ರೇಗಳೂ ಬೈತಲೆ ತೆಗೆದ ಹಾಗೆ ಬರುತ್ತಲೇ ಇದ್ದವು. ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮ, "ತನ್ನ ಪಾಲು ತಾನು ಎತ್ಕತಾವ್ನೆ" ಎಂದು ಹೇಳಿ ಅಲ್ಲಿಂದ ಹೋದಳು. ಕೊಠಡಿಯಲ್ಲಿ ಯಾರೂ ಇರಲಿಲ್ಲ. ಟ್ಯಾಂಕು ಗುರುಗುಟ್ಟಿ ಉಸ್ಸೆಂದಿತು. ಶೋಭಿತಾ ಒಮ್ಮೆ ಹಿಂದಿರುಗಿ ನೋಡಿದಳು.

ಬೆಳಕಿಗೆ ಹಿಡಿದಾಗ ಕಂಡಿತು. ಆರು ಸೂಜಿ ಬಿಳಿ ಉಕ್ಕು, ನಾಲ್ಕನೆಯದು ಹಿತ್ತಾಳೆ. ಒಂದು ಕೂದಲಷ್ಟು ಗಿಡ್ಡ.

ಅದನ್ನು ಕಂಡೊಡನೆ ಮಂಚಯ್ಯ ಹೇಳಿದ. "ಅದು ನಮ್ದಲ್ಲ ಕಣವ್ವ. ನಮ್ದು ಮುರ್ದೋಗಿತ್ತು. ಅನಿಲ್ಗೌಡನ ತಾಯಿ ಕಾಮಾಕ್ಷಮ್ಮಾರ ತಾವು ಈಸ್ಕಂಡು ಬಂದಿದ್ದ. ಅವರೂ ಒಂದು ಮಿಷನ್ನು ತಂದು ಕೈಬುಟ್ಟಿದ್ರಲ್ಲ, ಅದರದು. ಗಿಡ್ಡ ಆಯ್ತದೆ ಅಂತ ಹಿಂದುಕ್ಕೆ ಬೀಜದ ಪೊಟ್ಟಣದ ರಟ್ಟು ಕತ್ತರಿಸಿ ಬಿಲ್ಲೆ ಮಾಡಿ ಒತ್ತು ಕೊಟ್ಟಿದ್ದ."

ರಟ್ಟಿನ ಬಿಲ್ಲೆ ಅರಿಶಿನದ ನೀರಿನಲ್ಲಿ ಕರಗಿ ಮುದ್ದೆಯಾಗಿತ್ತು. ಶೋಭಿತಾ ಹೊಸ ಬಿಲ್ಲೆ ಕತ್ತರಿಸಿದಳು. ತೆಳುವಾದರೆ ಸೂಜಿ ಬೀಜಕ್ಕೆ ಮುಟ್ಟದು. ದಪ್ಪವಾದರೆ ಬೀಜವನ್ನೇ ಒಡೆಯುವುದು. ಎಷ್ಟು ದಪ್ಪಕ್ಕೆ ಕೂರಿಸಿದ್ದನೋ ಅವನಿಗೇ ಗೊತ್ತು. ರಟ್ಟು, ಸೈಕಲ್ ಟ್ಯೂಬು, ಹಾಲಿನ ಪ್ಯಾಕೆಟ್ಟು, ಯಾವುದೂ ಕೂರಲಿಲ್ಲ. ಯಂತ್ರದ ಬಿಡಿಭಾಗ ಮಾರುವ ಕೊಯಮತ್ತೂರಿನ ಅಂಗಡಿಗೆ ಫೋನು ಮಾಡಿದರೆ ಹೊಸ ಸೂಜಿಗೆ ಹತ್ತು ದಿನ ಬೇಕೆಂದರು. ಅವತ್ತಾಗಲೇ ಗುರುವಾರ.

ಅವಳು ಗೌಡರ ಬೀಜವನ್ನು ತಟ್ಟೆಗೆ ಸುರಿದಳು. ಒಂದು ಹಿಡಿಯಷ್ಟನ್ನು ಬಟ್ಟಲಲ್ಲಿ ಬೇರೆ ಇಟ್ಟುಕೊಂಡಳು. ಒಂದೊಂದು ಟ್ರೇ ಬಂದಂತೆಲ್ಲ ಪುಡಿ ಮುಚ್ಚುವ ಮೊದಲು ಬೆಲ್ಟು ನಿಲ್ಲಿಸಿ, ನಡುವಿನ ಸಾಲಿನ ಪ್ರತಿ ಗುಳಿಗೂ ಒಂದೊಂದು ಬೀಜವಿಟ್ಟು ತೋರುಬೆರಳಿನಿಂದ ಒತ್ತಿದಳು. ಮುಟ್ಟಬೇಡ ಎಂದಿದ್ದ ಕೈ. ಸಂಜೆಯ ಹೊತ್ತಿಗೆ ಬೆರಳ ತುದಿ ಬೀಜಕ್ಕೆ ಸವರಿದ್ದ ಔಷಧಿಯ ಬಣ್ಣಕ್ಕೆ ಕೆಂಪಾಗಿತ್ತು. ತೊಳೆದರೂ ಹೋಗಲಿಲ್ಲ.

ಶುಕ್ರವಾರ ಅನಿಲ್‌ಕುಮಾರ್ ಬಂದಾಗ ಟ್ರೇಗಳೆಲ್ಲ ಒಂದರ ಮೇಲೊಂದು ಕೂತು, ಮೇಲೆ ಕಪ್ಪು ಪ್ಲಾಸ್ಟಿಕ್ ಬಿದ್ದಿತ್ತು.

"ಎಲ್ಲಾ ಮಿಷನ್ನೇ ತಾನೆ?"

"ಮಿಷನ್ನೇ" ಎಂದಳು. ಕೈ ಸೆರಗಿನೊಳಗಿತ್ತು.

ಕಪ್ಪು ಪ್ಲಾಸ್ಟಿಕ್ ತೆಗೆಯುವ ದಿನ ಬಂತು. ಟ್ರೇಗಳನ್ನು ಪಾಲಿಹೌಸಿನಲ್ಲಿ ಹರಡಿ ಕಾದಳು. ಒಂದು ಬೆಳಿಗ್ಗೆ ಯಂತ್ರ ಬಿತ್ತಿದ ಸಾಲುಗಳು ಬೆನ್ನು ಬಾಗಿಸಿ ಮೇಲೆದ್ದಿದ್ದವು. ಎಲ್ಲ ಟ್ರೇಗಳಲ್ಲೂ ಅತ್ತ ಮೂರು, ಇತ್ತ ಮೂರು. ನಡುವಿನ ಸಾಲು ಬರೀ ಪುಡಿ.

ಅವಳು ಅಲ್ಲೇ ನೆಲಕ್ಕೆ ಕೂತಳು. ಓದಿದ್ದೊಂದೂ ನೆನಪಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೊರಟವನಿಗೆ ಊಟದ ಡಬ್ಬಿ ಕೊಟ್ಟದ್ದೂ ಇದೇ ಕೈ ಎಂಬುದೊಂದು ನೆನಪಾಯಿತು. ಕಾಮಾಕ್ಷಮ್ಮ ಹೇಳಿದ್ದೇ ನಿಜವಿರಬಹುದೆಂದು ಅವತ್ತು ಹಗಲೆಲ್ಲ ನಂಬಿದಳು. ಪಾರ್ವತಮ್ಮ ಮುದ್ದೆ ತಟ್ಟೆ ತಂದಿಟ್ಟು, "ಉಣ್ಣವ್ವ" ಎಂದರೆ, "ನೀವೇ ಮುರಿದು ಕೊಡಿ ಅತ್ತೆ" ಎಂದಳು. ಅತ್ತೆ ಯಾಕೆಂದು ಕೇಳದೆ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟಳು. ಆಗ, ಅದೇ ಮೊದಲ ಬಾರಿಗೆ, ಶೋಭಿತಾ ಅತ್ತಳು.

ಮರುದಿನ ಮಂಚಯ್ಯನ ಕೂಗಿಗೆ ಎಚ್ಚರವಾಯಿತು. "ಬಂದೋ ಕಣವ್ವಾ, ನಿನ್ನವು!"

ನಡುವಿನ ಸಾಲು ಎದ್ದಿತ್ತು. ಬೆರಳು ಕೊಂಚ ಆಳಕ್ಕೆ ಒತ್ತಿದ್ದಳು, ಬರಲು ಒಂದು ದಿನ ಹೆಚ್ಚು ಹಿಡಿದಿತ್ತು, ಅಷ್ಟೇ. ಅವನ್ನು ಬಗ್ಗಿ ಮುಟ್ಟಿ ಮುಟ್ಟಿ ನೋಡಿದಳು.

ಸಸಿ ಬಲಿತು, ಅನಿಲ್‌ಕುಮಾರನ ಟಾಟಾ ಏಸ್ ಹತ್ತಿ ಹೋದವು. ಉಳಿದವರ ಬೀಜವೂ ಈ ಮನೆಯಲ್ಲೇ ಉಳಿಯಿತು. ಹತ್ತು ದಿನವೆಂದಿದ್ದ ಕೊಯಮತ್ತೂರಿನ ಸೂಜಿ ಕೊನೆಗೂ ಬಂತು. ಅದನ್ನು ಕೂರಿಸಿದ ದಿನವೇ ಶೋಭಿತಾ ಸೋಪಿನ ನೊರೆ ಹಚ್ಚಿ ಟ್ಯಾಂಕಿನ ಸೋರಿಕೆ ಹುಡುಕಿ, ಪೈಪಿನ ಕೀಲಿಗೆ ಟೇಪು ಸುತ್ತಿ ಬಿಗಿದಳು. ಸಂಜೆ ಪಾರ್ವತಮ್ಮ ಷೆಡ್ಡಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು.

"ಉಸ್ರು ಇಲ್ವಲ್ಲ ಈಗ" ಎಂದಳು. ಆಮೇಲೆ, "ನಿಲ್ಲುಸ್ಬುಟ್ಟಾ?"

ಶೋಭಿತಾ ಕೈಯೊರೆಸಿಕೊಂಡಳು. ಅತ್ತೆಯ ಪಕ್ಕ ಹೋಗಿ ನಿಂತಳು.

ಮುಂದಿನ ಸೋಮವಾರ ಹಿತ್ತಾಳೆಯ ಸೂಜಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹಾಸನಕ್ಕೆ ಹೋಗಿ, ಬಸ್ಸು ಬದಲಿಸಿ ದೊಡ್ಡಗದ್ದವಳ್ಳಿಯಲ್ಲಿ ಇಳಿದಳು. ಕಾಮಾಕ್ಷಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಶೋಭಿತಾ ತಾನು ಯಾರೆಂದು ಹೇಳಿದಳು.

"ಗೊತ್ತಾಯ್ತು ಬಾ. ಸಸಿ ಚೆನ್ನಾಗವೆ ಅಂದ ನಮ್ಮ ಹುಡುಗ. ಏನು ಬಂದೆ?"

"ನಿಮ್ಮ ಸೂಜಿ. ಅವರು ಈಸ್ಕೊಂಡು ಬಂದಿದ್ದರಂತೆ." ಕಾಗದ ಬಿಡಿಸಿ ಅಂಗೈ ಮೇಲಿಟ್ಟು ಮುಂದೆ ಹಿಡಿದಳು.

"ಅಲ್ಲಿ ಕೆಳಗಿಡವ್ವ. ಸೂಜಿ ಕೈಯಿಂದ ಕೈಗೆ ಕೊಡಬಾರ್ದು, ಜಗಳ ಬತ್ತದೆ."

ಅದು ನಿಜ. ಅವಳ ತವರಿನಲ್ಲೂ ಹಾಗೇ ಹೇಳುತ್ತಿದ್ದರು. ಆದರೆ ಈ ಜಗಲಿಯಲ್ಲಿ ಅವಳ ಮಾವನಿಗೆ ಎಲೆ ಅಡಿಕೆಯನ್ನೂ ಕೆಳಗಿಟ್ಟೇ ಕೊಟ್ಟಿದ್ದರೆಂದು ಅವಳಿಗೆ ಗೊತ್ತಿತ್ತು. ಎಲೆ ಅಡಿಕೆಯಿಂದ ಯಾವ ಜಗಳವೂ ಬರುವುದಿಲ್ಲ. ಅವಳು ಬಗ್ಗಲಿಲ್ಲ.

"ಅಮ್ಮ, ಒಂದು ಮಾತು ಹೇಳಬೇಕು. ಎಲ್ಲಾ ಮಿಷನ್ ಬಿತ್ತಲಿಲ್ಲ. ನಡುವಿನ ಸಾಲು ನಾನು ಬಿತ್ತಿದೆ. ಈ ಕೈಯಲ್ಲಿ."

ಕಾಮಾಕ್ಷಮ್ಮನ ಕೈಯ ಅವರೆಕಾಯಿ ನಿಂತಿತು.

"ಎಲ್ಲಾ ಟ್ರೇಲೂವಾ?"

"ಎಲ್ಲಾ ಟ್ರೇಲೂ."

"ಅಯ್ಯೋ ನಿನ್ನ... ನಾಟಿ ಮಾಡೋರು ಸಾಲು ನೋಡ್ತಾರಾ? ಎಲ್ಲಾ ಬೆರ್ತೋಗ್ಬುಡ್ತಲ್ಲ. ಯಾವ್ದು ಅಂತ ಕೀಳ್ಸ್ಲಿ ಈಗ?"

"ಕೀಳಕ್ಕಾಗಲ್ಲ" ಎಂದಳು ಶೋಭಿತಾ.

ಮುದುಕಿ ಹೊಲದ ಕಡೆ ನೋಡಿದಳು. ಆಮೇಲೆ ಚಾಚಿದ್ದ ಕೈಯನ್ನು. "ನಿನ್ನ ಗಂಡನೂ ಹಿಂಗೇ ನಿಂತಿದ್ದ, ಕೈ ಚಾಚ್ಕಂಡು. ಕೆಳಗಿಟ್ಟೆ. ನಗ್ತಾ ಎತ್ಕಂಡು ಹೋದ."

ಶೋಭಿತಾ ನಗಲಿಲ್ಲ. ಕೈ ಸೋಲುತ್ತಿತ್ತು, ಇಳಿಸಲಿಲ್ಲ. ಕಾಮಾಕ್ಷಮ್ಮ ಮಡಿಲ ಸಿಪ್ಪೆ ಕೊಡವಿ, ಗೋಡೆ ಹಿಡಿದು ಎದ್ದು ಬಂದಳು. ಉಗುರು ಅಂಗೈಗೆ ತಾಕುವ ಹಾಗೆ ಸೂಜಿಯನ್ನು ಎತ್ತಿಕೊಂಡಳು.

"ಜಗಳ ಬಂದ್ರೆ ನಂಗೊತ್ತಿಲ್ಲ."

"ಬರಲಿ" ಎಂದಳು ಶೋಭಿತಾ.