ಗ್ರಿಮ್‌ಷಾನ ಬಲಗೈ

ಮೊಣಕಾಲು ನೋವಿಗೆ ಮದ್ದು ಹುಡುಕಲು ಮೊಬೈಲ್ ಹಿಡಿದ ಪೂವಪ್ಪನಿಗೆ ಮದ್ದು ಸಿಗಲಿಲ್ಲ, ಆರ್ಥರ್ ಗ್ರಿಮ್‌ಷಾ ಸಿಕ್ಕಿದ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಯಾವುದೋ ಗಿರಣಿ ಊರಿನ ತಂಡದಲ್ಲಿ ಸಂಬಳಕ್ಕೆ ಆಡಿದ ಡಿಫೆಂಡರ್ ಅವನು. ಮಾಂಸದಂಗಡಿಯ ಕೆಲಸ ಬಿಟ್ಟು ಫುಟ್‌ಬಾಲಿಗೆ ಬಂದ, ನಡುವೆ ಮಹಾಯುದ್ಧಕ್ಕೆ ಹೋದ, ತಿರುಗಿ ಬಂದು ಅದೇ ಜಾಗದಲ್ಲಿ ನಿಂತ. ಜೀವಮಾನದಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಸ್ವಂತ ಬಲೆಗೆ. ಓಡುವುದೆಂದರೆ ಅವನಿಗೆ ಆಗದು. ಎದುರಾಳಿ ನುಗ್ಗಿ ಬಂದರೆ ಒಂದು ಹೆಜ್ಜೆ ಮುಂದಿಟ್ಟು ಬಲಗೈ ಎತ್ತುತ್ತಿದ್ದ. ಆ ಕಾಲದ ನಿಯಮದಲ್ಲಿ ಅಷ್ಟಕ್ಕೇ ಎದುರಾಳಿ ಡಿಫೆಂಡರನನ್ನು ದಾಟಿ ನಿಂತಂತಾಗಿ, ಆಫ್‌ಸೈಡ್ ತಪ್ಪೆಂದು ರೆಫ್ರಿ ಸೀಟಿ ಊದುತ್ತಿದ್ದ.

ಓಡದೆಯೂ ಆಡಬಹುದೆಂಬುದು ಐವತ್ತು ದಾಟಿ ಹೊಟ್ಟೆ ಬಂದರೂ ವಾರಕ್ಕೊಮ್ಮೆ ಫುಟ್‌ಬಾಲ್ ಆಡುತ್ತಿದ್ದ ಪೂವಪ್ಪನಿಗೆ ದೊಡ್ಡ ವರವಾಗಿ ಕಂಡಿತು. ಗ್ರಿಮ್‌ಷಾನಂತೆ ಮೀಸೆ ಬಿಟ್ಟ. ಉಣ್ಣೆಯ ಕಾಲುಚೀಲ ತರಿಸಿದ.

“ಈ ಸೆಕೆಗೆ ಕಾಲು ಬೇಯ್ತದೆ ಮಾರಾಯ್ರೆ,” ಎಂದಳು ಹೆಂಡತಿ ಮೋಹಿನಿ. ಅವನ ಕಿವಿಗೆ ಬೀಳಲಿಲ್ಲ.

ಕಷ್ಟವೆಂದರೆ, ಅವನು ದುಡಿಯುತ್ತಿದ್ದ ಕೊಲ್ಲಿ ದೇಶದಲ್ಲಿ, ಬೌಷರಿನ ಬಾಡಿಗೆ ಟರ್ಫ್ ಮೈದಾನದ ಐದೈದು ಜನರ ಆಟದಲ್ಲಿ ಆಫ್‌ಸೈಡ್ ಎಂಬುದೇ ಇಲ್ಲ. ಪೂವಪ್ಪ ಗಂಭೀರವಾಗಿ ಕೈ ಎತ್ತಿ ನಿಲ್ಲುವುದು, ಎದುರಾಳಿ ಅವನ ಪಕ್ಕದಿಂದ ಹೋಗಿ ಗೋಲು ಹೊಡೆಯುವುದು ಪ್ರತಿ ಶುಕ್ರವಾರದ ಪದ್ಧತಿಯಾಯಿತು. ಕ್ಯಾಪ್ಟನ್ ಶೈಲೇಶನ ತಾಳ್ಮೆ ಕೆಟ್ಟಿತು.

“ಪೂವಪ್ಪಣ್ಣ, ಇವತ್ತು ನಿಮ್ಮ ಬದಿಯಿಂದ ಒಂದು ಗೋಲು ಹೋದ್ರೂ ಮುಂದಿನ ವಾರದಿಂದ ನೀವು ನೀರಿನ ಬಾಟ್ಲಿ ನೋಡಿಕೊಳ್ಳುವುದು. ಬೇಜಾರು ಮಾಡ್ಬೇಡಿ.”

ಪೂವಪ್ಪನಿಗೆ ಬೇಜಾರೇ ಆಯಿತು. ವಾರವಿಡೀ ಅವನು ರುಸೈಲಿನ ಕಾರ್ಖಾನೆಯೊಂದರ ಮೆಸ್ ಮೇಲ್ವಿಚಾರಕ. ಅನ್ನ, ಸಾರು, ಮೀನು, ಜನರ ಬೈಗುಳ. ಶುಕ್ರವಾರ ಸಂಜೆ ಮಾತ್ರ ಅವನು ಆಟಗಾರ. ಅದೂ ಹೋದರೆ ಅವನಿಗೆ ಉಳಿಯುವುದೇನು?

ಅಂದಿನ ಎದುರಾಳಿಗಳು ಅದೇ ಕಾರ್ಖಾನೆಯವರು, ಅವನ ಮೆಸ್ಸಿನಲ್ಲೇ ಉಣ್ಣುವವರು. ಶೈಲೇಶ್ ಪೂವಪ್ಪನ ಪಾಲಿನ ಓಟವನ್ನೂ ತಾನೇ ಓಡಿ ಸುಸ್ತಾದ. ಗೋಲಿಲ್ಲದೆ ಆಟ ಮುಗಿಯುವ ಹೊತ್ತಿಗೆ ವೆಲ್ಡರ್ ಬಾದುಶಾ ಚೆಂಡಿನೊಂದಿಗೆ ಒಬ್ಬನೇ ನುಗ್ಗಿ ಬಂದ. ನಡುವೆ ಇದ್ದವನು ಪೂವಪ್ಪ ಮಾತ್ರ. ಮೊಣಕಾಲು ಮಡಚಲೊಲ್ಲದು. ಅವನು ಒಂದು ಹೆಜ್ಜೆ ಮುಂದಿಟ್ಟು ಬಲಗೈ ಎತ್ತಿದ. ಹೆದರಿಕೆಗೆ ಬಾಯಿಂದ ಅಭ್ಯಾಸದ ಮಾತೊಂದು ಬಿತ್ತು.

“ಖಲಾಸ್.”

ಬಾದುಶಾ ಗಕ್ಕನೆ ನಿಂತ. ಅವನ ಹಿಂದೆ ಬರುತ್ತಿದ್ದವರೂ ಸಾಲಾಗಿ ನಿಂತರು. ಮೆಸ್ಸಿನಲ್ಲಿ ಆ ಕೈ ಮೇಲೆದ್ದು ಆ ಮಾತು ಬಂತೆಂದರೆ ಮೀನು ಮುಗಿಯಿತು, ಸಾಲು ಅಲ್ಲಿಗೇ ನಿಲ್ಲಬೇಕು. ಬಾದುಶಾನ ಕೈಗಳು ಇಲ್ಲದ ತಟ್ಟೆಯನ್ನು ಹಿಡಿದುಕೊಂಡಿದ್ದವು. ಚೆಂಡು ಉರುಳುತ್ತ ಬಂದು ಉಣ್ಣೆಯ ಕಾಲುಚೀಲಕ್ಕೆ ತಾಗಿತು, ಪೂವಪ್ಪ ಅದರ ಮೇಲೆ ಕಾಲಿಟ್ಟ, ಆಟ ಮುಗಿದ ಸೀಟಿ ಮೊಳಗಿತು.

“ಮುಂದಿನ ವಾರವೂ ನೀವೇ ಡಿಫೆನ್ಸ್,” ಎಂದ ಶೈಲೇಶ್. ಪೂವಪ್ಪನ ಕಣ್ಣು ತುಂಬಿತು.

ಮರುದಿನ ಮಧ್ಯಾಹ್ನ ಮೆಸ್ಸಿನ ಸಾಲಿನಲ್ಲಿ ಬಾದುಶಾನ ಸರದಿ ಬರುವಾಗ ಮೀನಿನ ಪಾತ್ರೆ ಖಾಲಿಯಾಗಿತ್ತು. ಪೂವಪ್ಪ ಕೈ ಎತ್ತಿದ. ಬಾದುಶಾ ಒಂದು ಹೆಜ್ಜೆ ಮುಂದಿಟ್ಟು ತನ್ನ ಬಲಗೈಯನ್ನೂ ಎತ್ತಿದ.

“ಇವತ್ತು ಡಿಫೆನ್ಸ್ ನಂದು, ಪೂವಪ್ಪಣ್ಣ. ನಿಮಗೇಂತ ಒಳಗೆ ತೆಗೆದಿಟ್ಟ ಎರಡು ತುಂಡು ಉಂಟಲ್ಲ, ಅದನ್ನು ತನ್ನಿ.”

ಪೂವಪ್ಪ ತಂದು ಬಡಿಸಿದ. ಅಂದು ಬರೀ ಸಾರನ್ನ ಉಂಡ. ಮೀನು ಹೋದದ್ದಕ್ಕೆ ಅವನಿಗೆ ಸ್ವಲ್ಪವೂ ದುಃಖವಾಗಲಿಲ್ಲ. ಮೇಜಿನ ಕೆಳಗೆ ಉಣ್ಣೆಯ ಕಾಲುಚೀಲ ಇನ್ನೂ ಅವನ ಕಾಲಲ್ಲೇ ಇತ್ತು.