ಕೆಂಚಿಯ ನಾಲ್ಕನೆಯ ಇಂಜೆಕ್ಷನ್

ಔಷಧದ ಬಾಟಲಿಗೆ ಒಂದು ಮಸಾಲೆ ದೋಸೆಯ ಬೆಲೆ. ಡಾಕ್ಟರರ ಫೀಸು ಬೇರೆ. ಮುಂಬಯಿಯ ಗೋರೆಗಾಂವ್‌ನಿಂದ ಪಾರ್ಲೆಗೆ ಹೋಗಿಬರುವ ರಿಕ್ಷಾ ಬೇರೆ; ಸೀಟಿನ ಮೇಲೆ ನಾಯಿ ಕೂರುತ್ತದೆಂದು ರಿಕ್ಷಾದವನು ಮೀಟರಿಗಿಂತ ಮೇಲೆ ಕೇಳುವುದು ಇನ್ನೂ ಬೇರೆ. ಎಲ್ಲ ಕೂಡಿಸಿದರೂ ಮೋನಪ್ಪನಿಗೆ ವಾರಕ್ಕೆ ಎರಡು ಕಿಲೋ ಗೋಡಂಬಿ ತಂದಷ್ಟೇ ಖರ್ಚು. ಆಮೇಲೆ ತೆರಬೇಕಾದದ್ದರ ಮುಂದೆ ಅದೊಂದು ಲೆಕ್ಕವೇ ಅಲ್ಲ.

ಕೆಂಚಿ ಬೀದಿನಾಯಿಯೇ. ಆದರೆ ಮೋನಪ್ಪನ ಹೋಟೆಲಿನಲ್ಲಿ ಬೆಳಗಿನ ಮೊದಲ ದೋಸೆ ಗಿರಾಕಿಗೆ ಹೋಗುವುದಿಲ್ಲ. ಕಾವಲಿ ಹದಕ್ಕೆ ಬಂತೇ ಎಂದು ನೋಡಲು ಹೊಯ್ದದ್ದನ್ನು ಅಡುಗೆಯ ಐತ ಹಿಂಬಾಗಿಲಿಗೆ ಎಸೆಯುತ್ತಾನೆ. ವರ್ಷಗಟ್ಟಲೆ ಅದನ್ನು ತಿಂದವಳು ಮನೆಯವಳಾಗದೆ ಇನ್ನೇನಾಗುತ್ತಾಳೆ?

ಮಳೆಗಾಲದ ಕೊನೆಗೆ ಅವಳು ಕೂತೆದ್ದಲ್ಲೆಲ್ಲ ರಕ್ತದ ಹನಿ ಕಾಣಿಸಿತು. "ಬೆದೆಗೆ ಬಂದಿದ್ದಾಳೆ ಧಣಿ, ತನ್ನಷ್ಟಕ್ಕೆ ನಿಲ್ತದೆ" ಅಂದ ಐತ. ತಿಂಗಳಾದರೂ ನಿಲ್ಲಲಿಲ್ಲ. ಪಾರ್ಲೆಯಲ್ಲಿ ಪ್ರಾಣಿಗಳ ಡಾಕ್ಟರಾಗಿದ್ದ ವಿನೋದಿನಿ, ಮೋನಪ್ಪನ ಊರ ಕಡೆಯವಳೇ, ಬಾಲವೆತ್ತಿ ನೋಡಿದಳು. ಒಳಗೆ ಹೂಕೋಸಿನಂಥ ಗಡ್ಡೆ. ಗಾಜಿನ ಪಟ್ಟಿಯನ್ನು ಅದಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಹೇಳಿದಳು.

"ಕ್ಯಾನ್ಸರ್, ಮೋನಪ್ಪಣ್ಣ. ಆದರೆ ಗುಣವಾಗುವಂಥದ್ದು. ನಾಯಿಗಳು ಕೂಡುವಾಗ ಒಂದರಿಂದ ಒಂದಕ್ಕೆ ಹರಡ್ತದೆ. ವಾರಕ್ಕೊಂದು ಇಂಜೆಕ್ಷನ್, ಐದಾರು ವಾರ. ನಡುವೆ ಬಿಟ್ರೆ ಗಡ್ಡೆ ಮತ್ತೆ ತಲೆಯೆತ್ತುತ್ತದೆ, ಆಮೇಲೆ ಈ ಔಷಧಕ್ಕೆ ಬಗ್ಗದೆಯೂ ಇರಬಹುದು."

"ಮನುಷ್ಯರಿಗೆ ಬರ್ತದಾ?"

"ನೀವು ಬೇಕು ಅಂದ್ರೂ ಬರೋದಿಲ್ಲ."

ಹೋಟೆಲಿನವನ ಬಾಯಿ ಸುಮ್ಮನಿರುತ್ತದೆಯೇ? ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತ ಬಂದವರಿಗೆಲ್ಲ ಹೇಳಿದ: "ಹರಡುವ ಕ್ಯಾನ್ಸರಂತೆ ಮಾರಾಯ್ರೆ, ಆದರೆ ನಾಯಿಗೆ ಮಾತ್ರ." ಜನ ಮೊದಲರ್ಧವನ್ನಷ್ಟೇ ಪಾರ್ಸೆಲ್ ಕಟ್ಟಿಸಿಕೊಂಡು ಹೋದರು.

ಎದುರಿನ ಮೊಬೈಲ್ ಅಂಗಡಿಯ ರೋಶನ್ ಅಂಗಡಿ ತೆರೆದ ದಿನದಿಂದ ಇಲ್ಲೇ ತಿಂಡಿ ತಿನ್ನುವವನು, ಮೋನಪ್ಪನ ಜೀವದ ಗೆಳೆಯ. ಅವನ ತಾಯಿ ಕ್ಯಾನ್ಸರಿನಲ್ಲಿ ನರಳಿ ಹೋದದ್ದು ಹೋದ ವರ್ಷ. ಅವನ ಮಗಳು ಯಕ್ಷಿತಾ ಶಾಲೆಯಿಂದ ಬಂದವಳೇ ಕೆಂಚಿಯ ಬಾಯಿಗೆ ಬಿಸ್ಕತ್ತು ಇಡುತ್ತಿದ್ದಳು.

"ಅದನ್ನು ಎಲ್ಲಾದ್ರೂ ಬಿಟ್ಟು ಬಾ, ಮೋನಪ್ಪಣ್ಣ" ಅಂದ ರೋಶನ್.

"ಗುಣವಾಗ್ತಾ ಉಂಟು ಮಾರಾಯ. ಮೂರು ಇಂಜೆಕ್ಷನ್ ಆಯ್ತು, ಗಡ್ಡೆ ನೆಲ್ಲಿಕಾಯಿಯಷ್ಟಾಗಿದೆ."

"ಅಮ್ಮನ ಡಾಕ್ಟರೂ ಹಾಗೇ ಹೇಳ್ತಿದ್ದ."

"ಅದು ಬೇರೆ, ಇದು ಬೇರೆ."

"ಹೆಣ ಎತ್ತುವಾಗ ಎಲ್ಲ ಒಂದೇ."

ನಾಲ್ಕನೆಯ ಇಂಜೆಕ್ಷನ್ನಿಗೆ ರಿಕ್ಷಾ ಬಂದು ನಿಂತಿತ್ತು. ಹಿಂದಿನ ಸಂಜೆಯಿಂದ ಯಕ್ಷಿತಾಳಿಗೆ ಜ್ವರ ಎಂಬುದು ಮೋನಪ್ಪನಿಗೆ ಗೊತ್ತಿರಲಿಲ್ಲ. ಅವನು ಕೆಂಚಿಯನ್ನು ಎತ್ತಲು ಬಗ್ಗಿದಾಗ, ರೋಶನ್ ಶಟರ್ ಎಳೆಯುವ ಕಬ್ಬಿಣದ ಸಲಾಕೆ ಹಿಡಿದು ರಸ್ತೆ ದಾಟಿ ಬಂದ. ಮೊದಲ ಏಟು ಹಿಂಗಾಲಿಗೆ. ಒಣ ಕಟ್ಟಿಗೆ ಮುರಿದಂಥ ಸದ್ದು. ಕೆಂಚಿ ನೋವಿಗೆ ಕುರುಡಾಗಿ, ತನ್ನನ್ನು ಹಿಡಿದ ಮೋನಪ್ಪನ ಮುಂಗೈಯನ್ನೇ ಕಚ್ಚಿದಳು. ಹಲ್ಲು ಎಲುಬಿಗೆ ತಾಗಿತು. ಮೋನಪ್ಪ ಬಿಡಲಿಲ್ಲ, ಅವಳ ಮೇಲೆ ಬೋರಲಾಗಿ ಬಿದ್ದ.

"ಏಳು ಮೋನಪ್ಪಣ್ಣ, ನಿನಗೆ ಬೀಳ್ತದೆ."

"ಬೀಳ್ಲಿ."

ಬಿತ್ತು. ನಾಯಿಯ ತಲೆಗೆ ಬೀಸಿದ್ದು ಅಡ್ಡ ಚಾಚಿದ ಬಲಗೈಯ ಮಣಿಕಟ್ಟನ್ನು ಪುಡಿ ಮಾಡಿತು. ಮುಂದಿನದು ಹೆಗಲಿಗೆ. ಅದರ ಮುಂದಿನದು ಎಲ್ಲಿಗೋ. ಅಷ್ಟರಲ್ಲಿ ಒಳಗಿನಿಂದ ಬಂದ ಐತ ಇಡ್ಲಿ ಪಾತ್ರೆಯ ಕುದಿನೀರನ್ನು ರೋಶನ್‌ನ ಕಾಲ ಮೇಲೆ ಎರಚಿದ್ದ. ಚಪ್ಪಲಿಯ ಪಟ್ಟಿಯಡಿ ಚರ್ಮ ಸುಲಿದು ಬಂತು. ರೋಶನ್ ಫುಟ್‌ಪಾತಿನಲ್ಲಿ ಕುಸಿದು, "ನನ್ನ ಮಗಳು, ನನ್ನ ಮಗಳು" ಎನ್ನುತ್ತ ಸಲಾಕೆಯಿಂದ ನೆಲಕ್ಕೆ ಬಡಿಯುತ್ತಲೇ ಇದ್ದ.

ಪಾರ್ಲೆಯಲ್ಲಿ ವಿನೋದಿನಿ ಕೆಂಚಿಯನ್ನೂ ಮೋನಪ್ಪನನ್ನೂ ನೋಡಿ, "ಮೊದಲು ನೀವು ಆಸ್ಪತ್ರೆಗೆ ನಡೀರಿ" ಅಂದಳು.

"ಮೊದಲು ಇವಳಿಗೆ ಚುಚ್ಚಿ."

"ಒಂದು ಹನಿ ರಕ್ತನಾಳದ ಹೊರಗೆ ಹೋದ್ರೆ ಮಾಂಸ ಕೊಳೀತದೆ. ಅಲುಗಾಡದ ಹಾಗೆ ಹಿಡೀಬೇಕು. ಈ ಕೈಯಲ್ಲಿ ಆಗ್ತದಾ?"

ಐತ ಸೊಂಟ ಹಿಡಿದ. ಮೋನಪ್ಪ ಎಡಗೈಯಿಂದ ಕೆಂಚಿಯ ಕತ್ತನ್ನು ಎದೆಗೆ ಅವುಚಿಕೊಂಡು, ಸೂಜಿ ಹೊರಬರುವ ತನಕ ತನ್ನ ನೋವನ್ನು ಹಲ್ಲಿನಲ್ಲೇ ಕಚ್ಚಿಟ್ಟ.

ಯಕ್ಷಿತಾಳದು ಡೆಂಗ್ಯೂ ಜ್ವರ. ವಾರದೊಳಗೆ ಇಳಿಯಿತು. ಪೊಲೀಸರ ಹತ್ತಿರ ಯಾರೂ ಹೋಗಲಿಲ್ಲ. ಸುಟ್ಟ ಕಾಲು ಮಾಗಿದ ಮೇಲೆ ರೋಶನ್ ಅಂಗಡಿ ಖಾಲಿ ಮಾಡಿ ದಹಿಸರಿಗೆ ಹೋದ. ಸಾಮಾನು ಟೆಂಪೋಗೆ ಹೇರುವಾಗ ಮೋನಪ್ಪ ಐತನ ಕೈಯಲ್ಲಿ ಎರಡು ಕಾಪಿ ಕಳಿಸಿದ. ಎರಡೂ ಹಾಗೇ ವಾಪಸು ಬಂದವು.

ಇಂಜೆಕ್ಷನ್ನುಗಳು ಮುಗಿದ ಮೇಲೆ ವಿನೋದಿನಿಗೆ ಎಷ್ಟು ಹುಡುಕಿದರೂ ಗಡ್ಡೆಯ ಗುರುತು ಸಿಗಲಿಲ್ಲ. ಮುರಿದ ಕಾಲನ್ನು ಕತ್ತರಿಸಬೇಕಾಯಿತು. ಮೊದಲ ದೋಸೆಗೆ ಕೆಂಚಿ ಈಗ ಮೂರು ಕಾಲಿನಲ್ಲಿ ಬರುತ್ತಾಳೆ. ಮೋನಪ್ಪನ ಬಲಗೈ ಕಾಪಿ ಎತ್ತಿ ಹೊಯ್ಯುವುದಿಲ್ಲ. ನಾಯಿ ಉಳಿಯಿತು, ಗೆಳೆಯ ಹೋದ.